ಕಾಗಿಣಾದ ಸೆಳವು, ಫರಸಿಯ ಮೇಲೆ ಡೇರೆ

ರಾಫ್ಟಿಂಗ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ದಾಂಡೇಲಿ. ತಪ್ಪೇನಿಲ್ಲ, ನಾವೂ ಹುಟ್ಟು ಹಿಡಿಯುವುದನ್ನು ಕಲಿತದ್ದು ಗಣೇಶಗುಡಿಯ ಹತ್ತಿರ ಕಾಳಿ ನದಿಯಲ್ಲೇ. ಆದರೆ ಕಲಬುರಗಿಯವರಿಗೆ ಅದು ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ಬಸ್ಸಿನ ಸೀಟಿನಲ್ಲಿ ಕಳೆಯುವ ದಾರಿ. ಅಲ್ಲಿ ಮುಟ್ಟಿದ ಮೇಲೂ ಮೇಲಿನ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಆಟ, ಬಿಡದಿದ್ದರೆ ಚಹಾ ಕುಡಿದು ವಾಪಸ್. ಹೀಗೆ ಬೇಸತ್ತಾಗಲೇ ನಾವು ಗೆಳೆಯರು ನಮ್ಮದೇ ಜಿಲ್ಲೆಯ ಹೊಳಿಗಳನ್ನು ಬೈಕಿನ ಮೇಲೆ ಸುತ್ತಿ ನೋಡತೊಡಗಿದ್ದು. ಮನೆಯಲ್ಲಿ ನಕ್ಕರು. ‘ಕಲಬುರಗ್ಯಾಗ ಬ್ಯಾಸಗಿಗಿ ಕುಡಿಲಿಕ್ಕ ನೀರಿರಲ್ಲ, ಇವರು ದೋಣಿ ನಡಸ್ತಾರಂತ!’

ಬೇಸಿಗೆಯ ಮಾತು ನಿಜ. ನಮಗೆ ಬೇಕಿದ್ದದ್ದು ಮಳೆಗಾಲ ಕಳೆದ ಮೇಲಿನ ಕೆಲವು ವಾರಗಳು ಮಾತ್ರ.

ಮೊದಲು ಕಣ್ಣು ಬಿದ್ದದ್ದು ಕೃಷ್ಣೆಯ ಮೇಲೆ. ಯಾದಗಿರಿ ಜಿಲ್ಲೆಯ ನಾರಾಯಣಪುರ ಅಣೆಕಟ್ಟಿನ ಕೆಳಗೆ, ಛಾಯಾ ಭಗವತಿಯ ಹತ್ತಿರ ಬಂಡೆಗಳ ನಡುವೆ ನೊರೆ ಕಕ್ಕುತ್ತ ಹರಿಯುವ ನೀರು ನೋಡಿದರೆ ಯಾರಿಗಾದರೂ ಕೈ ತುರಿಸುತ್ತದೆ. ಸ್ವಲ್ಪ ಹೊತ್ತು ದಂಡಿಯಲ್ಲಿ ಕೂತು ಲೆಕ್ಕ ಹಾಕಿದ ಮೇಲೆ ಅದನ್ನು ಬಿಟ್ಟೆವು. ಅಣೆಕಟ್ಟಿನ ಗೇಟು ತೆರೆದರೆ ಬರುವುದು ಸಾವಿರ ಎರಡು ಸಾವಿರ ಕ್ಯೂಸೆಕ್ ಅಲ್ಲ. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್ ನೀರು. 2019ರ ಆಗಸ್ಟಿನ ಪ್ರವಾಹದಲ್ಲಿ ಬಂದದ್ದು ಅದರ ಎಷ್ಟೋ ಪಟ್ಟು. ದೇವಿಯ ಗುಡಿಯೇ ನೀರಲ್ಲಿ ಮುಳುಗುವ ಜಾಗದಲ್ಲಿ ನಮ್ಮ ಪ್ಲಾಸ್ಟಿಕ್ ಕಯಾಕ್ ದೋಣಿ ಯಾವ ಲೆಕ್ಕ? ಮೇಲಾಗಿ ಕೃಷ್ಣೆಯಲ್ಲಿ ಮೊಸಳೆಗಳಿವೆ. ಮರಳಿನ ದಿಬ್ಬದ ಮೇಲೆ ಡೇರೆ ಹಾಕಿ ಮಲಗುವ ಆಸೆ ಅಲ್ಲಿಗೇ ಮುಗಿಯಿತು.

ಭೀಮೆ ಇನ್ನೊಂದು ತರಹ. ಸೊನ್ನ, ಘತ್ತರಗಿ, ಗಾಣಗಾಪುರ, ಸನ್ನತಿ ಅಂತ ಬ್ಯಾರೇಜುಗಳು ಒಂದರ ಹಿಂದೆ ಒಂದು. ಗೇಟು ಹಾಕಿದ್ದಾಗ ಹೊಳಿ ನಿಂತ ಕೆರೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಊರುಗಳನ್ನೇ ನುಗ್ಗಿ ಹೋಗುತ್ತದೆ, 2020ರ ಅಕ್ಟೋಬರಿನಲ್ಲಿ ಹೋದಂತೆ. ನಡುವಿನದೊಂದು ಹದ ನಮಗೆ ಸಿಕ್ಕಲೇ ಇಲ್ಲ.

ಉಳಿದದ್ದು ಕಾಗಿಣಾ. ತಾಂಡೂರಿನ ಕಡೆಯಿಂದ ಇಳಿದು ಬಂದು ಮಳಖೇಡದ ಕೋಟೆ ಬದಿಗೆ ಹಾದು, ದಂಡೋತಿ, ಶಹಾಬಾದ ದಾಟಿ ಹೊನಗುಂಟಾದ ಹತ್ತಿರ ಭೀಮೆಗೆ ಸೇರುವ ಹೊಳಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದ್ದದ್ದು ಇದೇ ದಂಡಿಯ ಮೇಲೆ. ಆದರೆ ನಾವು ಇಲ್ಲಿಗೆ ಬಂದದ್ದು ಅಮೋಘವರ್ಷನಿಗಾಗಿ ಅಲ್ಲ, ಕಲ್ಲಿಗಾಗಿ.

ನಮ್ಮ ಗುಂಪಿನ ಒಬ್ಬನ ಮನೆತನ ಫರಸಿ, ಅಂದರೆ ನೆಲಕ್ಕೆ ಹಾಸುವ ಶಹಾಬಾದ ಕಲ್ಲಿನ ಖಣಿಯದು. ಹೊಳಿಯ ತಳ ನೋಡಿದವನೇ, ‘ಇದು ನಮ್ಮ ಖಣಿನೇ, ಮ್ಯಾಲ ನೀರ್ ಬಿಟ್ಟಾರ ಅಷ್ಟ’ ಅಂದ. ಶಹಾಬಾದ ಕಲ್ಲು ಸುಣ್ಣದಕಲ್ಲು. ಅಡಕಿಟ್ಟ ರೊಟ್ಟಿಗಳ ಹಾಗೆ ಪದರು ಪದರಾಗಿ ಮಲಗಿರುತ್ತದೆ. ಪದರು ಒಡೆದಲ್ಲಿ ಹೊಳಿಯ ತಳ ಮೆಟ್ಟಿಲು ಇಳಿಯುತ್ತದೆ, ಮೊಣಕಾಲುದ್ದ, ಕೆಲವೆಡೆ ಸೊಂಟದುದ್ದ. ನೀರು ಹದವಾಗಿದ್ದರೆ ಪ್ರತಿ ಮೆಟ್ಟಿಲೂ ಒಂದು ಸಣ್ಣ ಸೆಳವು. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಸೆಳವುಗಳಿಗೆ 1ರಿಂದ 6ರವರೆಗೆ ದರ್ಜೆ ಇದೆ. ಕಾಳಿಯದು 2-3 ಅನ್ನುತ್ತಾರೆ. ನಾವು ಇಳಿಯುವ ಕಾಗಿಣಾಕ್ಕೆ ನಾನು ಕೊಡುವುದು 1, ಒಳ್ಳೆಯ ದಿನ 2. ದೊಡ್ಡಸ್ತಿಕೆಗೆ ಹೇಳಿಕೊಳ್ಳುವ ಅಂಕಿ ಅಲ್ಲ. ಆದರೆ ಮನೆಯಿಂದ ಒಂದು ತಾಸಿನ ದಾರಿ.

ನೀರಿನ ಹದ ತಿಳಿಯುವುದೇ ಇಲ್ಲಿಯ ಮುಖ್ಯ ವಿದ್ಯೆ. ಹೊಳಿಗೆ ಇಳಿಯುವ ಮೊದಲೇ ಪ್ರವಾಸದ ಮುಕ್ಕಾಲು ಕೆಲಸ ಮುಗಿದಿರಬೇಕು. ಕಾಗಿಣಾ ಒಂಟಿ ಹೊಳಿ ಅಲ್ಲ. ಮುಲ್ಲಾಮಾರಿ, ಬೆಣ್ಣೆತೊರಾ, ಕಮಲಾವತಿ ಎಲ್ಲ ಅದಕ್ಕೆ ಬಂದು ಬೀಳುತ್ತವೆ. ಚಿಂಚೋಳಿ ತಾಲೂಕಿನ ನಾಗರಾಳ ಜಲಾಶಯದಿಂದಲೋ ಬೆಣ್ಣೆತೊರಾದಿಂದಲೋ ನೀರು ಬಿಟ್ಟರೆ ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಕಾಲ ಕೆಳಗೆ ಹೊಳಿ ಏರುತ್ತದೆ. ಆದ್ದರಿಂದ ಹೊರಡುವ ವಾರವಿಡೀ ಪತ್ರಿಕೆಯ ಜಿಲ್ಲಾ ಪುಟ ನೋಡುತ್ತೇವೆ. ‘ದಂಡೋತಿ ಸೇತುವೆ ಮುಳುಗಡೆ’ ಅಂತ ಸುದ್ದಿ ಬಂದರೆ ಆ ವಾರ ಮಾತೇ ಇಲ್ಲ. ಸೇತುವೆ ತೆರೆದು, ನೀರಿನ ರಾಡಿ ಇಳಿದು, ಮೆಟ್ಟಿಲುಗಳ ಅಂಚು ಕಾಣತೊಡಗಿದಾಗ ನಮ್ಮ ಕಾಲ ಶುರು. ಸಾಮಾನ್ಯವಾಗಿ ಅದು ದಸರೆಯಿಂದ ದೀಪಾವಳಿಯ ಆಸುಪಾಸು. ಅದಾದ ಮೇಲೆ ಕಯಾಕಿನ ಹೊಟ್ಟೆ ಕಲ್ಲಿಗೆ ಉಜ್ಜುವ ಸದ್ದೇ ಹೆಚ್ಚು.

ಪತ್ರಿಕೆಗಿಂತ ನಂಬಿಕೆ ನನಗೆ ಬಲೆ ಹಾಕುವ ಅಂಬಿಗರ ಮೇಲೆ. ಮಳಖೇಡದ ಕೆಳಗೆ ನಮಗೊಬ್ಬ ಕಾಕಾ ಗುರುತು. ಒಮ್ಮೆ ಸಾಮಾನು ಎಲ್ಲ ಇಳಿಸಿ ನಿಂತಿದ್ದೆವು, ಬಂದು ನೀರು ಒಂದು ಬೊಗಸೆ ಎತ್ತಿ ನೋಡಿದ. ‘ತಮ್ಮಾ, ನೀರ್ ಕೆಂಪಾಗ್ಯಾದ. ಚಿಂಚೋಳಿ ಕಡೀ ಮಳಿ ಬಿದ್ದದ. ಇವತ್ತ ಇಳಿಬ್ಯಾಡ್ರಿ.’ ನಮ್ಮದು ಎರಿ ಭೂಮಿ, ಇಲ್ಲಿಯ ಮಳೆ ನೀರು ಕಪ್ಪಗೆ ಬರುತ್ತದೆ. ಕೆಂಪು ಬಂತೆಂದರೆ ಅದು ಮೇಲಿನ ಕೆಂಪು ನೆಲದ್ದು ಅನ್ನುವುದು ಅವನ ಲೆಕ್ಕ. ಮಧ್ಯಾಹ್ನದೊಳಗೆ ನಾವು ನಿಂತಿದ್ದ ಕಲ್ಲು ಕಾಣಲಿಲ್ಲ.

ಇನ್ನು ಹೊಳಿಯೊಳಗಿನ ಮಾತು. ಮೆಟ್ಟಿಲು ಬರುವ ಮೊದಲು ನೀರಿನ ಮೇಲೆ ಒಂದು ನಾಲಿಗೆ ಕಾಣುತ್ತದೆ, ಮೇಲ್ಗಡೆ ಅಗಲ, ಕೆಳಗಡೆ ಚೂಪು, ನಯವಾದ ನೀರು. ಅದರ ಚೂಪು ಕೆಳಮುಖವಾಗಿದ್ದರೆ ದಾರಿ ಅದೇ. ಚೂಪು ನಮ್ಮ ಕಡೆ ತಿರುಗಿದ್ದರೆ ಆ ತುದಿಯಲ್ಲಿ ಕಲ್ಲು ಇದೆ. ಇಷ್ಟು ಗೊತ್ತಿದ್ದರೆ ಕಾಗಿಣಾದ ಅರ್ಧ ಸೆಳವು ದಾಟಬಹುದು. ಉಳಿದ ಅರ್ಧಕ್ಕೆ ಎಡ್ಡಿ ಬೇಕು. ದೊಡ್ಡ ಕಲ್ಲಿನ ಹಿಂದೆ ನೀರು ತಿರುಗಿ ಮೇಲಕ್ಕೆ ಹೊರಳುವ ಆ ಸಣ್ಣ ಜಾಗದಲ್ಲಿ ದೋಣಿ ನಿಲ್ಲಿಸಿ ಉಸಿರು ತಗೊಂಡು ಮುಂದಿನ ಮೆಟ್ಟಿಲು ನೋಡುತ್ತೇವೆ. ಅಲ್ಲಿಂದ ಮತ್ತೆ ಸೆಳವಿಗೆ ಬೀಳುವಾಗ ಮೈ ಕೆಳಹರಿವಿನ ಕಡೆ ವಾಲಬೇಕು. ಹೆದರಿ ಮೇಲ್ಗಡೆಗೆ ವಾಲಿದರೆ ನೀರು ಆ ಅಂಚು ಹಿಡಿದು ಒಂದೇ ಏಟಿಗೆ ಮಗುಚುತ್ತದೆ. ಹೊಸಬರೆಲ್ಲ ಹೆದರಿದಾಗ ಮೇಲ್ಗಡೆಗೇ ವಾಲುತ್ತಾರೆ, ಮೈಗೆ ಅದೇ ಸಹಜ. ಅದನ್ನು ಬಿಡಿಸುವುದಕ್ಕೆ ಮಡುವಿನ ಬಾಯಲ್ಲಿ ಮಗುಚಿಸಿ ಮಗುಚಿಸಿ ಆಡಿಸುವುದೇ ಮದ್ದು.

ಮಗುಚಿದವನಿಗೆ ನಮ್ಮಲ್ಲಿ ಒಂದೇ ಕೂಗು: ‘ನಿಲ್ಲಬ್ಯಾಡಾ, ಕಾಲ್ ಮ್ಯಾಲ!’ ಬೆನ್ನ ಮೇಲೆ ತೇಲಿ, ಪಾದ ಮುಂದೆ ಮಾಡಿ, ಬೆರಳು ನೀರಿನ ಮೇಲೆ ಕಾಣುವಂತೆ ಹೋಗಬೇಕು. ಮೊಣಕಾಲಿಗಿಂತ ಆಳದ ಸೆಳವಿನಲ್ಲಿ ಎದ್ದು ನಿಂತರೆ ಫರಸಿಯ ಎರಡು ಪದರಿನ ಸಂದಿಯಲ್ಲಿ ಪಾದ ಸಿಕ್ಕಿಕೊಳ್ಳುತ್ತದೆ, ಹಿಂದಿನ ನೀರು ಮೈಯನ್ನು ಮುಂದಕ್ಕೆ ಒತ್ತಿ ಮುಖ ಮುಳುಗಿಸುತ್ತದೆ. ಈಸು ಬರುವವರಿಗೇ ಇದನ್ನು ಒಪ್ಪಿಸುವುದು ಕಷ್ಟ. ನಮ್ಮ ಕಡೆ ಎಲ್ಲರೂ ಬಾವಿಯಲ್ಲಿ ಈಸು ಕಲಿತವರು. ಬಾವಿ ನೀರು ಎಲ್ಲಿಗೂ ಕರಕೊಂಡು ಹೋಗುವುದಿಲ್ಲ, ಆದ್ದರಿಂದ ಲೈಫ್ ಜಾಕೆಟ್ ಹಾಕಿಕೊ ಅಂದರೆ ಅವಮಾನ ಆದಂತೆ ನೋಡುತ್ತಾರೆ. ಜಾಕೆಟ್ ಮತ್ತು ಹೆಲ್ಮೆಟ್ ಹಾಕದವನು ದಂಡಿಯಲ್ಲಿ ಅಡಿಗೆ ಮಾಡುತ್ತಾನೆ, ಅಷ್ಟೇ.

ದಂಡಿಯ ಮೇಲೆ ಯಾವಾಗಲೂ ಒಬ್ಬ ಹಗ್ಗದ ಚೀಲ ಹಿಡಿದು ನಿಂತಿರುತ್ತಾನೆ. ಹದಿನೈದು ಇಪ್ಪತ್ತು ಮೀಟರ್, ನೀರಿನ ಮೇಲೆ ತೇಲುವ ಹಗ್ಗ. ಮೊದಲು ‘ಹಗ್ಗಾ!’ ಅಂತ ಕೂಗಿ, ಬಿದ್ದವನು ತಿರುಗಿ ನೋಡಿದ ಮೇಲೆ ಎಸೆಯಬೇಕು. ಎಸೆದವನು ಕೂತುಬಿಡಬೇಕು, ಕೈಗೆ ಹಗ್ಗ ಸುತ್ತಿಕೊಳ್ಳಲೇಬಾರದು.

ಕಲ್ಲು, ಸೆಳವಿಗಿಂತ ನನಗೆ ಹೆಚ್ಚು ಭಯ ಬಾಂದಾರದ್ದು, ಅಂದರೆ ನೀರು ನಿಲ್ಲಿಸಲು ಹೊಳಿಗೆ ಅಡ್ಡ ಕಟ್ಟಿದ ಗಿಡ್ಡ ಗೋಡೆಯದ್ದು. ಮೇಲಿಂದ ನೋಡಿದರೆ ಏನೂ ಇಲ್ಲ. ನೀರು ಗೆರೆ ಎಳೆದಂತೆ ನೇರ ಕಾಣುತ್ತದೆ, ಸದ್ದು ಒಂದೇ ಸಮ. ಆದರೆ ಗೋಡೆ ಇಳಿದ ನೀರು ಬುಡದಲ್ಲಿ ಹೊರಳಿ, ಮೇಲ್ಮೈಯಲ್ಲಿ ಮತ್ತೆ ಗೋಡೆಯ ಕಡೆಗೇ ಹರಿಯುತ್ತದೆ. ಅದರೊಳಗೆ ಬಿದ್ದವನನ್ನು ಜಾಕೆಟ್ಟಿದ್ದರೂ ತಿರುತಿರುಗಿ ಒಳಗೇ ಎಳೆಯುತ್ತದೆ, ಹೊರಗೆ ಬಿಡುವುದಿಲ್ಲ. ನಿಜವಾದ ಸೆಳವಿನಲ್ಲಿ ಎಲ್ಲೋ ಒಂದು ಕಡೆ ದಾರಿ ಇರುತ್ತದೆ, ಬಾಂದಾರದಲ್ಲಿ ಈ ದಂಡಿಯಿಂದ ಆ ದಂಡಿಯವರೆಗೆ ಒಂದೇ ಬಲೆ. ಎತ್ತರ ಎರಡೇ ಅಡಿ ಇದ್ದರೂ ನಾವು ಬಹಳ ಮೊದಲೇ ದಂಡಿಗೆ ಹತ್ತಿ ದೋಣಿ ಹೊತ್ತು ದಾಟುತ್ತೇವೆ. ಆದ್ದರಿಂದಲೇ ಹಿಂದಿನ ದಿನ ಬೈಕಿನ ಮೇಲೆ ದಾರಿ ಉದ್ದಕ್ಕೂ ನೋಡಿ, ಪ್ರತಿ ಬಾಂದಾರಕ್ಕೆ ಮೊದಲು ಕಾಣುವ ಒಂದು ಗಿಡವನ್ನೋ ಪಂಪ್‌ಸೆಟ್ ಕೊಠಡಿಯನ್ನೋ ಗುರುತು ಮಾಡಿಕೊಳ್ಳುವುದು.

ಪಂಪ್‌ಸೆಟ್ ಅಂದ ಕೂಡಲೇ ನೆನಪಾಯಿತು. ಹೊಳಿ ದಂಡಿಯ ಹೊಲದವರು ಮೋಟಾರಿಗೆ ಎಳೆದ ವೈರು ಕೆಲವೆಡೆ ನೀರಿಗೆ ತಾಗಿಯೇ ಇರುತ್ತದೆ. ಅಂಥ ಕಡೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಪ್ರವಾಹದಲ್ಲಿ ಬಿದ್ದ ಬಳ್ಳಾರಿ ಜಾಲಿ ಇನ್ನೊಂದು ಕಾಟ. ನೀರು ಟೊಂಗೆಗಳ ನಡುವೆ ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ, ಮುಳ್ಳು ಬೇರೆ. ಅಡ್ಡ ಕಟ್ಟಿದ ಮೀನುಬಲೆಗಾಗಿ ಜಾಕೆಟ್ಟಿನಲ್ಲಿ ಒಂದು ಚಾಕು ಇರುತ್ತದೆ. ಆದರೆ ಅದು ಜೀವಕ್ಕೆ ಬಂದಾಗ ಮಾತ್ರ. ಬಲೆ ಒಬ್ಬರ ಅನ್ನ, ಸುಮ್ಮನೆ ಕೊಯ್ದರೆ ಮುಂದಿನ ಸಲ ಆ ಊರಲ್ಲಿ ಕಾಲಿಡಬೇಡಿ.

ರಾತ್ರಿ ಡೇರೆ ಹಾಕುವುದು ಫರಸಿಯ ಎತ್ತರದ ಹಾಸಿನ ಮೇಲೆ, ಇಲ್ಲವೆಂದರೆ ಹೊಲದವರನ್ನು ಕೇಳಿ ಬದುವಿನ ಮೇಲೆ. ಎರಿ ಮಣ್ಣಿನ ಹೊಲದ ನಡುವೆ ಬೇಡ. ನಡುರಾತ್ರಿ ಒಂದು ಅಡ್ಡಮಳೆ ಬಂದರೆ ಡೇರೆಯ ಗೂಟ ಬೆಣ್ಣೆಯಲ್ಲಿ ನಿಂತ ಹಾಗೆ, ಬೆಳಿಗ್ಗೆ ಸಾಮಾನು ಒಯ್ಯಲು ಬಂದ ಟಂಟಂ ಆಟೊದ ಗಾಲಿಯೂ ಅಲ್ಲೇ. ಫರಸಿಯ ಮೇಲೆ ಗೂಟ ಇಳಿಯುವುದಿಲ್ಲ, ದೊಡ್ಡ ಚಪ್ಪಡಿಗಳಿಗೆ ದಾರ ಕಟ್ಟಬೇಕು. ಚಪ್ಪಡಿ ಎತ್ತುವ ಮೊದಲು ಕೋಲಿನಿಂದ ಸರಿಸಿ ನೋಡಿ, ಅಡಿಯಲ್ಲಿ ಚೇಳಿನ ಸಂಸಾರ ಇರುತ್ತದೆ. ಮಲಗುವ ಮೊದಲು ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡುತ್ತೇವೆ. ಸರದಿಯ ಮೇಲೆ ಎದ್ದು ಟಾರ್ಚು ಹಾಕಿ ನೋಡುವುದು, ಕಡ್ಡಿ ನೀರಿನೊಳಗೆ ಹೋಗಿದ್ದರೆ ಎಲ್ಲರನ್ನೂ ಎಬ್ಬಿಸಿ ಸಾಮಾನು ಮೇಲಕ್ಕೆ.

ಕುಡಿಯುವ ನೀರು ಮನೆಯಿಂದಲೇ. ದಂಡಿಯ ಊರುಗಳ ಗಟಾರ ಹೊಳಿಗೇ ಬಂದು ಬೀಳುವುದನ್ನು ಬೈಕಿನ ಮೇಲೆ ಹೋದಾಗಲೇ ನೋಡಿದ್ದೇವಲ್ಲ. ಊಟದ ಬಗ್ಗೆ ಹೆಚ್ಚು ಹೇಳುವುದೇನಿದೆ? ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಒದ್ದೆಯಾಗದಂತೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬಿಸಿ ಬೇಕೆಂದರೆ ಅಲ್ಲೇ ತೊಗರಿಬೇಳೆ ಕುದಿಸಿ ಖಾರಬ್ಯಾಳಿ. ಹೈದರಾಬಾದಿನಿಂದ ಒಬ್ಬ ಗೆಳೆಯ ಮಡಚಿದ ಗಾಳಿದೋಣಿಯನ್ನು ಚೀಲದಲ್ಲಿಟ್ಟು ರೈಲಿನಲ್ಲಿ ಬರುತ್ತಾನೆ. ಫರಸಿಯ ಅಂಚು ಅದನ್ನು ಕೊಯ್ಯದೆ ಬಿಡುವುದಿಲ್ಲ. ಅವನ ಊಟ ಮುಗಿಯುವುದು ಪಂಕ್ಚರ್ ಹಚ್ಚಿದ ಮೇಲೆ.

ಈಗ ಗುಂಪಿನಲ್ಲಿ ಜಗಳ ನಡೆದಿರುವುದು ಶಹಾಬಾದಿನ ಕೆಳಗಿನ ದಾರಿಯ ಮೇಲೆ. ಹೊನಗುಂಟಾದ ಸಂಗಮದವರೆಗೆ ಹೋಗಬೇಕು ಅನ್ನುವವರು ಕೆಲವರು. ಭೀಮೆ ತುಂಬಿದ್ದರೆ ಕಾಗಿಣಾದ ನೀರನ್ನು ಹಿಂದಕ್ಕೆ ಒತ್ತಿ ನಿಲ್ಲಿಸುತ್ತದೆ, ನಿಂತ ನೀರಿನಲ್ಲಿ ಎದುರು ಗಾಳಿಗೆ ಹುಟ್ಟು ಹಾಕುವುದು ಯಾರಿಗೆ ಬೇಕು ಅನ್ನುವುದು ನನ್ನ ವಾದ. ಖಣಿಯವನು ಮಾತ್ರ ಅಲ್ಲಿಯ ಕಲ್ಲು ನೋಡಬೇಕು ಅಂತ ಹಟ ಹಿಡಿದಿದ್ದಾನೆ. ಮಳೆ ನಿಂತ ಮೇಲೆ ಒಮ್ಮೆ ಬೈಕಿನ ಮೇಲೆ ಹೋಗಿ ಬರೋಣ ಅನ್ನುವಲ್ಲಿಗೆ ಸದ್ಯಕ್ಕೆ ರಾಜಿ ಆಗಿದೆ.