ಪೆರ್ಲದಿಂದ ಕಾಸರಗೋಡಿಗೆ, ಮನೆಯೊಳಗೇ: ನನ್ನ ಅನುಭವ

ಕೊರೋನಾ ಶುರುವಾದಾಗ ನನ್ನ ಮಗನಿಗೆ 24 ವರ್ಷ. ಆಟಿಸಂ ಇದೆ. ಮಾತು ಕಡಿಮೆ, ಓದಲು ಬರುತ್ತದೆ, ಸದ್ದು ಜಾಸ್ತಿಯಾದರೆ ತಡೆಯುವುದಿಲ್ಲ. ಇಂಥ ಮಕ್ಕಳನ್ನು ಸಾಕಿದವರಿಗೆ ಉಳಿದದ್ದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ನೆಲ್ಲಿಕಟ್ಟೆ ಹತ್ತಿರ, ನನ್ನ ಟೈಲರಿಂಗ್ ಅಂಗಡಿ ಬದಿಯಡ್ಕ ಪೇಟೆಯಲ್ಲಿ. ಶಾಲೆ ಮುಗಿದ ಮೇಲೆ ಅವನೂ ನನ್ನ ಜೊತೆ ಅಂಗಡಿಗೆ ಬರುತ್ತಿದ್ದ. ಬೆಳಿಗ್ಗೆ 8.40ರ ಬಸ್ಸು, ಡ್ರೈವರ್ ಹಿಂದಿನ ಸೀಟು. ಸಂಜೆ 5.15ಕ್ಕೆ ವಾಪಸ್. ಅವನ ಇಡೀ ದಿನ ಆ ಎರಡು ಬಸ್ಸಿನ ಮೇಲೆ ನಿಂತಿತ್ತು.

ಲಾಕ್‌ಡೌನಿನಲ್ಲಿ ಮಗನ ದಿನದ ಕೆಲಸಗಳನ್ನು ಬಸ್ ಸ್ಟಾಪುಗಳ ಹಾಗೆ ತೋರಿಸುವ ಬಟ್ಟೆಯ ಬೋರ್ಡ್ ಒಂದನ್ನು ನಾನು ಮಾಡಿದಾಗ ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ದು ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಗಂಟಲು ಒಣಗಿತು. ಅದಕ್ಕೆ ಬರೆದುಬಿಡುತ್ತಿದ್ದೇನೆ.

2020ರ ಮಾರ್ಚ್ ಕೊನೆಯಲ್ಲಿ ನಮ್ಮ ಜಿಲ್ಲೆ ಹೇಗಿತ್ತು ಅಂತ ಇಲ್ಲಿಯವರಿಗೆ ನೆನಪಿರುತ್ತದೆ. ಮಾರ್ಚ್ 27ರಂದು ಕೇರಳದಲ್ಲಿ 39 ಹೊಸ ಕೇಸು, ಅದರಲ್ಲಿ 34 ಕಾಸರಗೋಡಿನವು. ನಾನು ಟಿವಿ ಹಾಕಿಟ್ಟಿದ್ದೆ. ಮಗ ಆ ರಾತ್ರಿಯಿಡೀ "ಮೂವತ್ತನಾಲ್ಕು, ಮೂವತ್ತನಾಲ್ಕು" ಅನ್ನುತ್ತಾ ಜಗಲಿಯಲ್ಲಿ ನಡೆದ. ಮರುದಿನದಿಂದ ಟಿವಿಗೆ ಬಟ್ಟೆ ಮುಚ್ಚಿದೆ. ಸುದ್ದಿ ಬೇಕಾದರೆ ಅವನು ಮಲಗಿದ ಮೇಲೆ ಫೋನಿನಲ್ಲಿ ನೋಡುತ್ತಿದ್ದೆ. ಇಷ್ಟನ್ನು ಮೊದಲ ದಿನವೇ ಮಾಡಬೇಕಿತ್ತು.

ನನ್ನ ದೊಡ್ಡ ತಪ್ಪು ಬೇರೆಯೇ. ಬಸ್ಸು ಯಾವಾಗ ಅಂತ ಅವನು ಕೇಳಿದಾಗ ಕ್ಯಾಲೆಂಡರಿನಲ್ಲಿ ಏಪ್ರಿಲ್ 14ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಲಾಕ್‌ಡೌನ್ ಅಲ್ಲಿಗೆ ಮುಗಿಯುತ್ತದೆ ಅಂತ ಎಲ್ಲರೂ ನಂಬಿದ್ದೆವು ಅಲ್ವಾ? ಆ ದಿನ ವಿಷು, ನಮ್ಮ ಹೊಸ ವರ್ಷದ ಹಬ್ಬ. ಬೆಳಿಗ್ಗೆ ದೇವರ ಮುಂದಿಟ್ಟ ಕಣಿ ನೋಡಿದವನೇ ಶರ್ಟು ಹಾಕಿ, ಚಪ್ಪಲಿ ಮೆಟ್ಟಿ, ಚೀಲ ಹಿಡಿದು ಗೇಟಿನ ಹತ್ತಿರ ನಿಂತ. ಹತ್ತೂವರೆವರೆಗೆ ನಿಂತ. ಆಮೇಲೆ ಆದದ್ದನ್ನು ಪೂರ್ತಿ ಬರೆಯಲು ಮನಸ್ಸಿಲ್ಲ. ಕೈಯ ಹಿಂಭಾಗ ಕಚ್ಚಿಕೊಂಡು ರಕ್ತ ಬಂತು. ಮಿಕ್ಸಿ ಜಾರು ಹೋಯಿತು, ಕಿಟಕಿಯ ಒಂದು ಗಾಜು ಹೋಯಿತು, ಎರಡೂ ಸೇರಿ ಸಾವಿರದ ಚಿಲ್ಲರೆ. ಲಾಕ್‌ಡೌನ್ ಮೇ 3ಕ್ಕೆ ಹೋಯಿತು, ಆಮೇಲೆ 17ಕ್ಕೆ. ನಾನು ಮತ್ತೆ ಯಾವ ತಾರೀಕಿಗೂ ಸುತ್ತು ಹಾಕಲಿಲ್ಲ. ನಮ್ಮ ಕೈಯಲ್ಲಿಲ್ಲದ ದಿನವನ್ನು ಇವರಿಗೆ ಕೊಡಲೇಬೇಡಿ.

ದಿನದ ಕೆಲಸಗಳನ್ನು ತೋರಿಸುವ ಚಿತ್ರದ ಚಾರ್ಟು ನನ್ನ ಹತ್ತಿರ ಮೊದಲೇ ಇತ್ತು. ಆನ್‌ಲೈನಿನಲ್ಲಿ 1,400 ರೂಪಾಯಿ ಕೊಟ್ಟು ತರಿಸಿದ್ದು. ಹಲ್ಲುಜ್ಜುವ ಹುಡುಗ, ಊಟ ಮಾಡುವ ಹುಡುಗ, ಎಲ್ಲ ಪುಟ್ಟ ಮಕ್ಕಳ ಚಿತ್ರ. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಅವನು ನೋಡುವುದು ಬಸ್ಸಿನ ಮುಂದಿರುವ ಊರ ಹೆಸರಿನ ಬೋರ್ಡನ್ನು ಮಾತ್ರ. ಹಾಗಾದರೆ ದಿನವನ್ನೇ ಬಸ್ಸು ಮಾಡಿದರೆ ಏನು ಅಂತ ವಿಷು ಕಳೆದು ನಾಲ್ಕೈದು ದಿನಕ್ಕೆ ತಲೆಗೆ ಬಂತು.

ಹಳೆಯ ಪರದೆ ಬಟ್ಟೆ, ಅದರ ಮೇಲೆ ಅಡ್ಡಕ್ಕೆ ಒಂದೂವರೆ ಮೀಟರ್ ಜಿಪ್ಪು, ಹಾಸಿಗೆ ಕವರಿಗೆ ಹಾಕುತ್ತೇವಲ್ಲ, ಆ ದಪ್ಪದ ರೋಲ್ ಜಿಪ್ಪು. ಜಿಪ್ಪನ್ನು ಎಳೆಯುವ ರನ್ನರೇ ಬಸ್ಸು. ಕೆಂಪು ಬಟ್ಟೆ ಸುತ್ತಿ, ಎರಡು ಬಟನ್ ಚಕ್ರ ಹೊಲಿದೆ. ಜಿಪ್ಪಿನುದ್ದಕ್ಕೂ ಎಂಟು ಸ್ಟಾಪು: ಪೆರ್ಲ, ಉಕ್ಕಿನಡ್ಕ, ಬದಿಯಡ್ಕ, ನೆಲ್ಲಿಕಟ್ಟೆ, ಎಡನೀರು, ಚೆರ್ಕಳ, ವಿದ್ಯಾನಗರ, ಕಾಸರಗೋಡು ಹೊಸ ಬಸ್ ಸ್ಟ್ಯಾಂಡ್. ಪ್ರತಿ ಸ್ಟಾಪಿಗೆ ಒತ್ತಿದರೆ ಕೂರುವ ಒಂದು ಟಿಚ್ ಬಟನ್. ಕಾಲರಿಗೆ ಹಾಕುವ ಕ್ಯಾನ್ವಾಸ್ ತುಂಡುಗಳೇ ಟಿಕೆಟ್. ಸ್ನಾನ, ದೋಸೆ, ಮಾಸ್ಕ್ ಕಟ್ಟು (ನಾನು ಹೊಲಿದ ಮಾಸ್ಕುಗಳನ್ನು ಎಣಿಸಿ ಕಟ್ಟುವುದು), ಊಟ, ಹಾಸಿಗೆ, ಹೀಗೆ ಒಂದೊಂದರ ಮೇಲೆ ಒಂದೊಂದು ಕೆಲಸ. ಕೆಲಸ ಮುಗಿದರೆ ಟಿಕೆಟ್ ಕಿತ್ತು ಡಬ್ಬಿಗೆ, ಪೂಜೆಯ ಗಂಟೆಯಲ್ಲಿ ಎರಡು ಬೆಲ್, ಬಸ್ಸು ಮುಂದಿನ ಸ್ಟಾಪಿಗೆ. ಒಟ್ಟು ಖರ್ಚು ನೂರು ರೂಪಾಯಿ ಒಳಗೆ.

"ಇಷ್ಟು ದೊಡ್ಡ ಗಂಡಸನ್ನು ಬಸ್ಸಾಟ ಆಡಿಸುತ್ತೀಯಲ್ಲ ಅಕ್ಕಾ" ಅಂತ ನನ್ನ ತಮ್ಮನೇ ಹೇಳಿದ. ಒಬ್ಬ ಡಾಕ್ಟರ್ ಕೂಡ ಫೋನಿನಲ್ಲಿ, ಇದು ಅವನ ಹಟವನ್ನು ಇನ್ನೂ ಬೆಳೆಸುತ್ತದೆ ಅಂದರು.

ಮೊದಲ ದಿನ ಬೋರ್ಡು ಚೆನ್ನಾಗಿ ಓಡಿತು. ರಾತ್ರಿ ಬಸ್ಸು ಕಾಸರಗೋಡು ಮುಟ್ಟಿತು, ಅವನು ಮಲಗಿದ. ನಾನು ಖುಷಿಯಲ್ಲಿ ರನ್ನರನ್ನು ಪೆರ್ಲಕ್ಕೆ ಎಳೆದಿಟ್ಟೆ. ಬೆಳಿಗ್ಗೆ ಎದ್ದು ನೋಡಿದವನು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಓಡಿ ಬಂದರು. ನಿನ್ನೆ ಕಾಸರಗೋಡಿನಲ್ಲಿ ನಿಂತ ಬಸ್ಸು ಇವತ್ತು ಪೆರ್ಲದಲ್ಲಿ ಹೇಗೆ? ಅವನು ಹೇಳಿದ್ದು ಸರಿ! ಹನ್ನೊಂದು ಗಂಟೆಯವರೆಗೆ ತಿಂಡಿ ಮುಟ್ಟಲಿಲ್ಲ. ನಾನು ರನ್ನರನ್ನು ಮತ್ತೆ ಕಾಸರಗೋಡಿಗೆ ಒಯ್ದು, ಅಲ್ಲಿಂದ ಹಿಂದಕ್ಕೆ ಟಿಕೆಟ್ ಹಚ್ಚುತ್ತಾ ಬಂದೆ. ಆಗ ಬಂದು ಕೂತ. ಅಂದಿನಿಂದ ಒಂದು ದಿನ ಹೋಗುವುದು, ಮರುದಿನ ಬರುವುದು. ಒಂದು ದಿನ ಜಿಪ್ಪು ತೆರೆಯುತ್ತದೆ, ಮರುದಿನ ಮುಚ್ಚುತ್ತದೆ. ಇದರಿಂದ ನಾನು ಎಣಿಸದ ಲಾಭ ಆಯಿತು. ಸ್ಟಾಪು ಖಾಯಂ, ಆದರೆ ಅಲ್ಲಿಯ ಕೆಲಸ ದಿನಾ ಬದಲಾಗುತ್ತದೆ. ಬದಲಾವಣೆಯೇ ಆಗದವನಿಗೆ ಬದಲಾವಣೆ ಅಭ್ಯಾಸವಾಯಿತು.

ಆಮೇಲೆ ಕಪ್ಪು ಕ್ಯಾನ್ವಾಸಿನಲ್ಲಿ "ರಸ್ತೆ ಬ್ಲಾಕ್" ಅಂತ ಒಂದು ಟಿಕೆಟ್ ಮಾಡಿದೆ. ಕರೆಂಟ್ ಹೋದರೆ, ಗ್ಯಾಸ್ ಮುಗಿದರೆ ಅದನ್ನು ಹಚ್ಚುವುದು. ಏನೂ ಆಗದಿದ್ದರೂ ವಾರಕ್ಕೊಮ್ಮೆ ನಾನೇ ಬೇಕೆಂದು ಹಚ್ಚುತ್ತಿದ್ದೆ, ಹತ್ತು ನಿಮಿಷಕ್ಕೆ. ನಿಜವಾದ ಬ್ಲಾಕ್ ಬಂದಾಗ ಅವನಿಗೆ ಕಾಯುವುದು ಗೊತ್ತಿತ್ತು.

ಮಾತ್ರೆಯ ಕಥೆಯನ್ನೂ ಹೇಳಬೇಕು. ಅವನ ಮಾತ್ರೆ ಮಂಗಳೂರಿನಿಂದ ಬರುತ್ತಿತ್ತು. ಕರ್ನಾಟಕ ಗಡಿಯ ತಲಪಾಡಿ ಬಂದ್, ಉಳಿದ ಗಡಿ ರಸ್ತೆಗಳಿಗೆ ಮಣ್ಣು ಸುರಿದಿದ್ದರು. ನನ್ನ ಹತ್ತಿರ ಒಂಬತ್ತು ದಿನದ್ದು ಉಳಿದಿತ್ತು. ಕೊನೆಗೆ ಫೋನಿನಲ್ಲಿ ಚೀಟಿ ಬರೆಸಿಕೊಂಡೆವು. ಆಗ ಅಗ್ನಿಶಾಮಕ ದಳದವರು ಮದ್ದು ಮನೆಗೆ ಮುಟ್ಟಿಸುತ್ತಿದ್ದರು, ಅವರೇ ತಂದುಕೊಟ್ಟರು. ಮದ್ದು ಅದೇ, ಕಂಪನಿ ಬೇರೆ. ಮೊದಲಿನದು ಬಿಳಿ, ಇದು ತಿಳಿ ಹಳದಿ. ಬಾಯಿಗೆ ಹಾಕಿದ್ದನ್ನು ಉಗುಳಿದ. ಎರಡು ದಿನ ಹೋಯಿತು. ಮೂರನೆಯ ದಿನ ಹಳೆ ಸ್ಟ್ರಿಪ್ಪಿನ ಖಾಲಿ ಹಾಳೆ, ಹೊಸ ಸ್ಟ್ರಿಪ್ಪು ಎರಡನ್ನೂ ಬೋರ್ಡಿನ ಮುಂದೆ ಹಿಡಿದು, "ಬಸ್ಸು ಬೇರೆ, ರೂಟ್ ಅದೇ" ಅಂದೆ. ಅವನು ಎರಡರ ಹೆಸರನ್ನೂ ಬೆರಳಿಟ್ಟು ಓದಿದ. ನೀರು ಕೇಳಿದ. ನಾನು ಅಡಿಗೆ ಕೋಣೆಗೆ ಹೋಗಿ ಅತ್ತೆ.

ಮಾಸ್ಕು ಅಂದರೆ ನನ್ನ ಕಸುಬು. ಹೆಮ್ಮೆಯಿಂದಲೇ ಹೇಳುತ್ತೇನೆ, ಈ ವಿಷಯದಲ್ಲಿ ನನ್ನಷ್ಟು ಪ್ರಯೋಗ ಮಾಡಿದವರು ಕಡಿಮೆ. ಏಳೋ ಎಂಟೋ ನಮೂನೆ ಹೊಲಿದೆ. ಪಾಪ್ಲಿನ್ ಬಿಸಿ. ಎಲಾಸ್ಟಿಕ್ ಕಿವಿಗೆ ತಾಗಿದರೆ ಎಸೆಯುತ್ತಾನೆ. ಹೊಸ ಬಟ್ಟೆಯ ಗಂಜಿ ವಾಸನೆ ಅವನಿಗೆ ಆಗುವುದೇ ಇಲ್ಲ. ಕೊನೆಗೆ ನಿಂತದ್ದು ಅವನ ಅಪ್ಪನ ಹಳೆ ಪಂಚೆ, ಹತ್ತು ವರ್ಷ ಒಗೆದು ಮೆತ್ತಗಾದದ್ದು. ಎರಡು ಪದರ, ಕಿವಿಗೆ ಏನೂ ಇಲ್ಲ. ಅವನ ಟೊಪ್ಪಿಯ ಎರಡು ಬದಿಗೆ ಬಟನ್ ಹೊಲಿದು ಅದಕ್ಕೇ ಸಿಕ್ಕಿಸಿದೆ. ಒಳಗಿನ ಅಂಚು ಮೂಗಿಗೆ ತಾಗದ ಹಾಗೆ ಹೊಲಿಯುವ ಉಪಾಯ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಮೊದಲ ದಿನ ಐದು ಎಣಿಸುವವರೆಗೆ, ಮರುದಿನ ಎಂಟು. ಇಪ್ಪತ್ತು ನಿಮಿಷಕ್ಕೆ ತಲುಪಲು ಐದಾರು ವಾರ ಬೇಕಾಯಿತು. ಗಂಟೆ ಬಾರಿಸುವ ಕಂಡಕ್ಟರ್, ಅಂದರೆ ನಾನು, ನನ್ನ ಮಾಸ್ಕು ಹಾಕದೆ ಟಿಕೆಟ್ ಕೊಡುತ್ತಿರಲಿಲ್ಲ.

ದುಡ್ಡಿನ ವಿಷಯ. ಅಂಗಡಿ ಮುಚ್ಚಿದರೂ ತಿಂಗಳಿಗೆ 2,500 ಬಾಡಿಗೆ. ಅವನ ಅಂಗವಿಕಲ ಪಿಂಚಣಿ ಆಗ 1,300ರ ಹತ್ತಿರ ಇತ್ತು, ರೇಷನ್ ಅಂಗಡಿಯಿಂದ ಅಕ್ಕಿ, ದಿನಸಿ ಕಿಟ್ಟು ಸಿಕ್ಕಿತು. ಉಳಿದದ್ದು ಮಾಸ್ಕಿನಿಂದ. ಒಂದಕ್ಕೆ ಹತ್ತು ಹನ್ನೆರಡು ರೂಪಾಯಿಯಂತೆ ಮೂರು ತಿಂಗಳಲ್ಲಿ ಎರಡು ಸಾವಿರದಷ್ಟು ಹೊಲಿದಿರಬೇಕು. ಐದೈದು ಎಣಿಸಿ ಕಟ್ಟಿದ್ದು ಮಗ. ಒಂದು ಕಟ್ಟೂ ತಪ್ಪಲಿಲ್ಲ. ಎಡನೀರು ಸ್ಟಾಪಿನಲ್ಲಿ "ಮಾಸ್ಕ್ ಕಟ್ಟು" ಟಿಕೆಟ್ ಇದ್ದ ದಿನ ಅವನ ಮುಖವೇ ಬೇರೆ.

ನಡುವೆ ಭಾರದ ಕಂಬಳಿ, ಅಂದರೆ ಮೈಮೇಲೆ ಭಾರ ಬಿದ್ದು ಮನಸ್ಸು ಶಾಂತವಾಗಲಿ ಅಂತ ಹೊದಿಸುವ ಕಂಬಳಿ, ಮಾಡುವ ಹುಚ್ಚು ಹತ್ತಿತ್ತು. ಆನ್‌ಲೈನಿನಲ್ಲಿ ರೇಟು ನೋಡಿ ಕೈಬಿಟ್ಟು, ಮನೆಯಲ್ಲೇ ಚೌಕ ಚೌಕ ಹೊಲಿದು ಹೊಯ್ಗೆ (ಮರಳು) ತುಂಬಿಸಿದೆ. ಹೊಲಿಗೆಯ ತೂತಿನಿಂದಲೇ ಸೋರಿತು. ಆಮೇಲೆ ಹುಣಸೆ ಬೀಜ, ಸುಮಾರು ನಾಲ್ಕು ಕೇಜಿ, ಹುರಿದು ಹಾಕಿದೆ. ಅದು ಅವನಿಗೆ ಬಹಳ ಹಿಡಿಸಿತು. ಮಧ್ಯಾಹ್ನ ಕಾಲ ಮೇಲೆ ಹೊದ್ದು ಅರ್ಧ ಗಂಟೆ ಸುಮ್ನೆ ಮಲಗುತ್ತಿದ್ದ. ಜೂನಿನ ಮಳೆಗೆ ಬೀಜಕ್ಕೆ ಬೂಸ್ಟು ಬಂತು, ಒಗೆಯುವ ಹಾಗಿಲ್ಲ, ಎಸೆಯಬೇಕಾಯಿತು. ಮಾಡುವವರು ಬೀಜದ ಚೀಲವನ್ನು ಬೇರೆ ಮಾಡಿ ಮೇಲೆ ಕವರ್ ಹಾಕಿ. ಮುಖಕ್ಕೆ ಬಾರದ ಹಾಗೆ, ಅವನೇ ಸರಿಸುವಷ್ಟೇ ಭಾರ ಇರಲಿ.

ಸಿಟ್ಟು ಏರಿದಾಗ ನಾನು ಅವನಿಗೆ ಹೇಳುವ ಒಂದು ಮಾತಿದೆ. ಅದು ನಮ್ಮಿಬ್ಬರದು, ಇಲ್ಲಿ ಬೇಡ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಸಿಗುತ್ತದೆ, ಹುಡುಕಿ.

2021ರಲ್ಲಿ ಲಸಿಕೆ ಬಂತು. ಹಿಡಿಯಲು ನಾಲ್ಕು ಜನ ಬೇಕು ಅಂತ ಎಲ್ಲರೂ ಹೇಳಿದರು. ನಾನು ಹದಿನೈದು ದಿನ ಮೊದಲೇ ಬೋರ್ಡಿನಲ್ಲಿ "ಸೂಜಿ" ಅಂತ ಟಿಕೆಟ್ ಹಚ್ಚಿ, ದಿನಾ ಎಡ ತೋಳಿಗೆ ಪೆನ್ನಿನ ಮುಚ್ಚಳ ಒತ್ತಿ ಹತ್ತು ಎಣಿಸುತ್ತಿದ್ದೆ. ಅವನು ಹೊರಗೆ ಶರ್ಟು ಬಿಚ್ಚುವವನಲ್ಲ. ಅದಕ್ಕೆ ಅವನ ನೀಲಿ ಶರ್ಟಿನ ಎಡ ತೋಳನ್ನು ಭುಜದಿಂದ ಬಿಚ್ಚಿ ವೆಲ್ಕ್ರೋ ಹಾಕಿದೆ. ಎಳೆದರೆ ಸದ್ದು ಮಾಡುತ್ತದೆ ಅಂತ ಎರಡನೆಯ ಸಲ ವೆಲ್ಕ್ರೋ ತೆಗೆದು ಟಿಚ್ ಬಟನ್ ಹಾಕಿದೆ. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಜನ ಖಾಲಿಯಾದ ಮೇಲೆ ಕೊನೆಗೆ ಕರೆದರು. ತೋಳು ತೆರೆದೆ, ಅವನು ಗೋಡೆ ನೋಡುತ್ತಾ ಎಣಿಸಿದ, ಏಳಕ್ಕೆ ಮುಗಿಯಿತು. ಅವನು ಹತ್ತರವರೆಗೆ ಎಣಿಸಿಯೇ ಎದ್ದ. ಯಾರೂ ಹಿಡಿಯಲಿಲ್ಲ. ಎರಡನೆಯ ಡೋಸಿಗೂ ಹಾಗೆಯೇ.

ನರ್ಸ್ ಆ ಶರ್ಟಿನ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅಂಥ ಶರ್ಟು ಆರೋ ಏಳೋ ಮನೆಗೆ ಹೊಲಿದುಕೊಟ್ಟೆ. ರಕ್ತ ಪರೀಕ್ಷೆಗೂ ಆಗುತ್ತದೆ. ಆಗ ಹೊಸ ಶರ್ಟಾದರೆ ಹೊಲಿಗೆ ಕೂಲಿ 180, ಹಳೆ ಶರ್ಟು ತಂದರೆ 60 ತೆಗೆದುಕೊಳ್ಳುತ್ತಿದ್ದೆ. ಅವನು ದಿನಾ ಹಾಕಿಕೊಳ್ಳುವ ಶರ್ಟನ್ನೇ ತನ್ನಿ, ಹೊಸದು ಬೇಡ.