ನಾಲೆಗೆ ನೀರು ಬಿಟ್ಟ ಲೆಕ್ಕ

ನಾನು ಸಿಂಧನೂರು ಕಡೆಯ ಒಂದು ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿ. ಶುರುವಿನಲ್ಲಿ ತರಬೇತಿಯ ಪಾಠವನ್ನೇ ಒಪ್ಪಿಸುತ್ತಿದ್ದೆ: "ವಿಂಡೋ ಪೀರಿಯಡ್ ಇರುತ್ತೆ, ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ." ಸೋಂಕು ತಗುಲಿದ್ದರೂ ಪರೀಕ್ಷೆಯಲ್ಲಿ ಕಾಣದ ಕಾಲಕ್ಕೆ ಹಾಗನ್ನುತ್ತೇವೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಮತ್ತೆ ಬರುತ್ತಿದ್ದವರು ಕಡಿಮೆ.

ಭತ್ತ ಕೊಯ್ಯುವ ಮಷಿನ್ ಓಡಿಸುವ ಹುಡುಗನೊಬ್ಬ ಬಂದ. ಹೊರಗಿನ ಸಂಬಂಧ ಆಗಿ 18 ದಿನ. 72 ಗಂಟೆಯೊಳಗೆ ಬಂದಿದ್ದರೆ ಸೋಂಕು ತಡೆಯಲು 28 ದಿನ ನುಂಗುವ ಗುಳಿಗೆ ಕೊಡಿಸಬಹುದಿತ್ತು, ಆ ಹೊತ್ತು ದಾಟಿತ್ತು. ಜ್ವರ, ಗಂಟಲು ನೋವು, ಎದೆ ಮೇಲೆ ಕೆಂಪು ದದ್ದು. ರಿಪೋರ್ಟ್ ಮಾತ್ರ ನೆಗೆಟಿವ್.

"ರಕ್ತದಾಗ ಇಲ್ಲಂದ್ಮ್ಯಾಲ ಬ್ಯಾರೆ ಎಲ್ಲಿರ್ತೈತ್ರಿ ಮೇಡಂ?"

ರಕ್ತದಲ್ಲಿ ಇಲ್ಲ ಅಂತ ಯಾರು ಹೇಳಿದ್ದು! ನಮ್ಮ ಕಿಟ್ ವೈರಸ್ಸನ್ನು ಹುಡುಕುವುದಿಲ್ಲ. ಅದರ ವಿರುದ್ಧ ಮೈ ಹುಟ್ಟಿಸುವ ಪ್ರತಿಕಾಯವನ್ನು ಹುಡುಕುತ್ತೆ. ಅದು ಹುಟ್ಟಲು ವಾರಗಟ್ಟಲೆ ಬೇಕು.

"ತಮ್ಮಾ, ಡ್ಯಾಮಿನಿಂದ ನೀರು ಬಿಟ್ಟ ದಿನಾನೇ ನಿಮ್ಮ ಹೊಲಕ್ಕ ಬರತೈತೇನು?" ಅಂದೆ.

"ಎಲ್ಲಿ ಬರ್ತೈತ್ರಿ. ನಮ್ದು ಕೊನಿ ಭಾಗ."

ರಕ್ತ ಅಂದರೆ ದೊಡ್ಡ ಕಾಲುವೆ ಅಂದುಕೋ, ಅಂತ ಹೇಳಿದೆ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ಅಲ್ಲಿ ವೈರಸ್ ತುಂಬಿ ಹರಿಯುತ್ತೆ. ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷ ದಾಟುವುದೂ ಉಂಟು. ವೀರ್ಯ ನಿಮ್ಮ ಕೊನೆ ಭಾಗದ ಹೊಲ ಇದ್ದಂಗೆ, ಅಲ್ಲಿ ಆ ಏರಿಕೆ ಹೆಚ್ಚುಕಮ್ಮಿ ಒಂದು ವಾರ ತಡ. ಮಟ್ಟ ಸಾಮಾನ್ಯವಾಗಿ ರಕ್ತಕ್ಕಿಂತ ಕಡಿಮೆ, ಆದರೆ ಹರಡಲು ಅಷ್ಟೇ ಸಾಕು. ಜ್ವರ ಬಿಟ್ಟು "ಆರಾಮಾದೆ" ಅಂತ ಹೆಂಡತಿ ಹತ್ತಿರ ಹೋಗೋ ಹೊತ್ತಿಗೇ ಅಲ್ಲಿ ನೆರೆ ಬಂದಿರುತ್ತೆ. ಎಂಜಲಿನಲ್ಲಿ ಸ್ವಲ್ಪ ಸಿಕ್ಕರೂ ಹರಡುವಷ್ಟು ಇರಲ್ಲ. ಮನೆಯಲ್ಲಿ ತಟ್ಟೆ, ಲೋಟ ಬೇರೆ ಇಡೋದು ಸುಮ್ನೆ.

ಈ ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು. ವೈರಸ್ ರಕ್ತದಿಂದ ಬರೀ ಹರಿದು ಬರೋದಲ್ಲ, ಜನನಾಂಗದ ಭಾಗದಲ್ಲಿ ತಾನೂ ಬೆಳೆಯುತ್ತೆ. ಆದರೂ ಬಿಟ್ಟಿಲ್ಲ ನಾನು. ನೀರಿನ ಲೆಕ್ಕ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ನಾನು ಹೇಳಿದ ದಿನಕ್ಕೇ ಹುಡುಗ ಬಂದ. ಮೂರು ಬೇರೆ ಬೇರೆ ಕಿಟ್‌ನಲ್ಲಿ ನೋಡಿದೆವು, ಪಾಸಿಟಿವ್. ಹೆಂಡತಿಯದು ನೆಗೆಟಿವ್. ಅಷ್ಟೂ ದಿನ ಕಾಂಡೋಮ್ ತಪ್ಪಿಸಿರಲಿಲ್ಲ.

ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಗುಳಿಗೆ, ಶುರುವಾಗಿ ಆರು ತಿಂಗಳಾದ ಮೇಲೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ತೋರಿಸುವ ವೈರಲ್ ಲೋಡ್ ರಿಪೋರ್ಟ್ ಹಿಡಿದು ಬಂದು ಮೇಜಿನ ಮೇಲಿಟ್ಟ.

"ಕಾಲುವಿ ಬಂದ್ ಆತೇನ್ರಿ ಮೇಡಂ?"

"ಬಂದ್ ಆಗೈತಿ. ಗುಳಿಗಿ ಬಿಟ್ಟಿ ಅಂದ್ರ ಮತ್ತ ಗೇಟ್ ತೆರಿತೈತಿ ನೋಡು," ಅಂದೆ.