ಮಳೆನಾಡಿನ ಕೆಂಪುಕಲ್ಲಿನ ಮನೆಗೆ ಮೇಸ್ತ್ರಿಯನ್ನು ಗೊತ್ತುಮಾಡುವ ಬಗೆ

ಕೆಂಪುಕಲ್ಲಿನ ಮನೆ ಕಟ್ಟಿಸಬೇಕೆಂದಿರುವವರು ಮೇಸ್ತ್ರಿಯನ್ನು ಹುಡುಕಲು ಹೊರಡಬೇಕಾದದ್ದು ಆಟಿ ತಿಂಗಳಿನಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ಕಾಲದಲ್ಲಿ. ಆಗ ಕೆಲಸ ಆರಂಭಿಸುವಂತಿಲ್ಲ ಎಂಬುದು ನಿಜ. ಆದರೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂತಹ ನಮ್ಮ ಊರುಗಳಲ್ಲಿ ಒಬ್ಬ ಮೇಸ್ತ್ರಿಯ ಕೈಗುಣ ತಿಳಿಯುವುದು, ಅವರು ಕಟ್ಟಿದ ಗೋಡೆಗೆ ಎರಡು ತಿಂಗಳು ಎಡೆಬಿಡದೆ ಮಳೆ ಹೊಡೆದ ಮೇಲೆಯೇ. ಜನವರಿಯಲ್ಲಿ ನೋಡಿದರೆ ಎಲ್ಲರ ಗೋಡೆಯೂ ಚೆಂದವೇ.

ಹಿಮ ಬೀಳುವ ನಾಡುಗಳಲ್ಲಿ, ನಮ್ಮ ದೇಶದಲ್ಲಿಯೇ ಲಡಾಖಿನಂತಹ ಕಡೆಗಳಲ್ಲಿ, ಕಲ್ಲು ಮತ್ತು ಇಟ್ಟಿಗೆಗಳ ಸಣ್ಣ ರಂಧ್ರಗಳಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಹಗಲಿನಲ್ಲಿ ಕರಗುತ್ತದೆ. ಇದು ಚಳಿಗಾಲವಿಡೀ ನಡೆದರೆ ಕಲ್ಲಿನ ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನಮಗೆ ಆ ತೊಂದರೆಯಿಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ, ಅನಂತರ ಅದೇ ಗೋಡೆ ತಿಂಗಳುಗಟ್ಟಲೆ ಬಿಸಿಲಿಗೆ ಕಾಯುತ್ತದೆ. ಹೀಗೆ ತೋಯುತ್ತ ಒಣಗುತ್ತ ಇರುವಾಗ ನೀರಿನೊಂದಿಗೆ ಹೊರಬಂದ ಉಪ್ಪಿನಂಶವು ಬಿಳಿ ಪುಡಿಯಾಗಿ ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಎಬ್ಬಿಸುತ್ತದೆ. ಅಲ್ಲಿಯೂ ಇಲ್ಲಿಯೂ ಗೋಡೆಯನ್ನು ಕೆಡಿಸುವುದು ನೀರೇ ಆದುದರಿಂದ, ಮೇಸ್ತ್ರಿಯವರೊಡನೆ ಚದರಡಿಯ ದರ ಮಾತನಾಡುವ ಮೊದಲು ನೀರಿನ ವಿಷಯ ಮಾತನಾಡಬೇಕು.

ಅವರು ಕಟ್ಟಿದ ಮೂರು ಮನೆಗಳನ್ನಾದರೂ ತೋರಿಸಲು ಕೇಳಿ: ಒಂದು ಕಳೆದ ವರ್ಷದ್ದು, ಇನ್ನೊಂದು ಐದು ವರ್ಷ ಹಿಂದಿನದು, ಮತ್ತೊಂದು ಹತ್ತು ವರ್ಷ ದಾಟಿದ್ದು. ಮಳೆ ಬಿಟ್ಟ ಅರ್ಧ ಗಂಟೆಯೊಳಗೆ ಹೋದರೆ ಉತ್ತಮ. ಮುಂಬಾಗಿಲಿನ ಅಂದವನ್ನು ಬಿಟ್ಟು ನೇರವಾಗಿ ಪಡುವಣ ಗೋಡೆಯ ಬಳಿಗೆ ಹೋಗಿ, ಏಕೆಂದರೆ ಗಾಳಿಮಳೆಯ ಹೊಡೆತ ಬೀಳುವುದು ಅಲ್ಲಿ. ಕಿಟಕಿಯ ಕೆಳಗಿನ ಎರಡು ಮೂಲೆಗಳಲ್ಲಿ ಓರೆಯಾದ ಬಿರುಕಿದೆಯೇ, ನೆಲದಿಂದ ಎರಡಡಿಯವರೆಗೆ ಬಣ್ಣ ಗುಳ್ಳೆ ಎದ್ದಿದೆಯೇ, ಪಾರಪೆಟ್ಟಿನ ಬುಡದಲ್ಲಿ ಪಾಚಿಯ ಗೆರೆ ಇದೆಯೇ ಎಂದು ನೋಡಿ. ಮನೆಯ ಯಜಮಾನರು ಸಾಮಾನ್ಯವಾಗಿ ತಮ್ಮ ಮನೆಯನ್ನು ಹೊಗಳುತ್ತಾರೆ. ಆದುದರಿಂದ ಒಳಗಿರುವ ಹೆಂಗಸರನ್ನು ಯಾವ ಕೋಣೆಯ ಕಪಾಟಿನಲ್ಲಿ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ ಎಂದು ಕೇಳಿ. ಆ ಒಂದು ಉತ್ತರದಿಂದ ತಿಳಿಯುವಷ್ಟು ವಿಷಯ ಇಡೀ ಎಸ್ಟಿಮೇಟಿನಿಂದ ತಿಳಿಯುವುದಿಲ್ಲ.

ನಾನು ಈ ಪಾಠವನ್ನು ದುಡ್ಡು ಕೊಟ್ಟು ಕಲಿತವನು. ನಮ್ಮ ಮನೆಯ ಮೇಸ್ತ್ರಿ ಗೋಡೆಯನ್ನು ನೂಲು ಹಿಡಿದಂತೆ ಕಟ್ಟಿದರು, ಆದರೆ ಕಿಟಕಿಯ ಮೇಲಿನ ಸಜ್ಜೆಯ ಅಡಿಯಲ್ಲಿ, ಅಂಚಿನಿಂದ ಒಂದೆರಡು ಇಂಚು ಒಳಗೆ ಎಳೆಯಬೇಕಾದ ಬೆರಳಗಲದ ಗೀರನ್ನು ಎಳೆಯಲಿಲ್ಲ. ಆ ಗೀರು ಇದ್ದಿದ್ದರೆ ನೀರು ಅಲ್ಲಿಯೇ ತೊಟ್ಟಿಕ್ಕಿ ಬೀಳುತ್ತಿತ್ತು. ಅದಿಲ್ಲದೆ ನೀರು ಸಜ್ಜೆಯ ಅಡಿಮೈಗೆ ಅಂಟಿಕೊಂಡು ಹಿಂದಕ್ಕೆ ಹರಿದು, ಚೌಕಟ್ಟಿನ ಸಂದಿಯನ್ನು ಹಿಡಿದು, ಮೂರನೆಯ ಮಳೆಗಾಲದ ಹೊತ್ತಿಗೆ ಒಳಗೋಡೆಯ ಮೇಲೆ ಚಹಾ ಚೆಲ್ಲಿದಂತಹ ಕಲೆಯಾಯಿತು. ಕಾಂಕ್ರೀಟ್ ಹಾಕುವಾಗ ಹಲಗೆಗೆ ಒಂದು ಸಪೂರ ರೀಪು ಹೊಡೆದಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಆಮೇಲೆ ಕಟ್ಟರ್ ಯಂತ್ರ ತರಿಸಬೇಕಾಯಿತು. ಅಂದಿನಿಂದ ಯಾರ ಮನೆಗೆ ಹೋದರೂ ನಾನು ಸಜ್ಜೆಯ ಅಡಿಗೆ ಕೈಹಾಕಿ ತಡವುತ್ತೇನೆ, ನೋಡುವವರು ಏನು ಎಣಿಸಿಕೊಂಡರೂ ಸರಿ.

ಇನ್ನು ಕಲ್ಲಿನ ವಿಷಯ. ಬೇಕಲ ಕೋಟೆಯ ಗೋಡೆಗಳು ಕೂಡ ಇದೇ ಕೆಂಪುಕಲ್ಲಿನವು, ಕಡಲ ಗಾಳಿಯ ಎದುರಿನಲ್ಲಿಯೇ ನಿಂತಿವೆ. ಹಾಗೆಂದು ಕೋರೆಯಿಂದ ಬಂದ ಕಲ್ಲೆಲ್ಲವೂ ಕೋಟೆಯ ಕಲ್ಲಾಗುವುದಿಲ್ಲ. ನೆಲದಿಂದ ಕಡಿದು ತೆಗೆದಾಗ ಈ ಕಲ್ಲು ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಆದುದರಿಂದ ಲಾರಿಯಿಂದ ಇಳಿದ ದಿನವೇ ಗೋಡೆ ಏರಿಸುವ ಮೇಸ್ತ್ರಿಗಿಂತ, ಕಲ್ಲನ್ನು ಕೆಲವು ವಾರಗಳಾದರೂ ಅಂಗಳದಲ್ಲಿ ಅಟ್ಟಿ ಇಡಲು ಹೇಳುವ ಮೇಸ್ತ್ರಿ ಮೇಲು. ಬಿಳಿ ಅಥವಾ ಹಳದಿ ಶೇಡಿ ಮಣ್ಣು ತುಂಬಿದ ಕಣ್ಣುಗಳಿರುವ ಕಲ್ಲನ್ನು ಅವರು ಏನು ಮಾಡುತ್ತಾರೆ ಎಂದು ಗಮನಿಸಿ. ಆ ಮಣ್ಣನ್ನು ಉಗುರಿನಿಂದ ಕೆದಕಿದರೆ ಬೆಣ್ಣೆಯಂತೆ ಬರುತ್ತದೆ, ಮಳೆಗೆ ತೊಳೆದುಹೋಗಿ ತೂತು ಉಳಿಯುತ್ತದೆ. ಒಳ್ಳೆಯ ಮೇಸ್ತ್ರಿ ಕಲ್ಲನ್ನು ಕರಣೆಯ ಹಿಡಿಯಿಂದ ತಟ್ಟಿ, ಸದ್ದು ಕೇಳಿ, ಬೇಡದ್ದನ್ನು ಮಾತಿಲ್ಲದೆ ಪಕ್ಕಕ್ಕೆ ಇಡುತ್ತಾರೆ. ಹಾಗೆ ತಿರಸ್ಕರಿಸಿದ ಕಲ್ಲಿನ ನಷ್ಟ ಯಾರದು, ಕೋರೆಯವರದೋ ನಿಮ್ಮದೋ ಎಂಬುದನ್ನು ಲೋಡು ಬರುವ ಮೊದಲೇ ಮಾತನಾಡಿಕೊಳ್ಳಬೇಕು.

ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಚೆನ್ನಾಗಿ ಒಣಗಿದ ಒಂದು ಕಲ್ಲನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಮೈ ಒರೆಸಿ ಮತ್ತೆ ತೂಗಿ. ಕೆಂಪುಕಲ್ಲಿಗೆ ಸಂಬಂಧಿಸಿದ ಭಾರತೀಯ ಮಾನಕ 3620ರ ಪ್ರಕಾರ ಕಲ್ಲು ತನ್ನ ತೂಕದ ಶೇಕಡಾ 12ಕ್ಕಿಂತ ಹೆಚ್ಚು ನೀರು ಕುಡಿಯಬಾರದು, ಅಂದರೆ 25 ಕಿಲೋ ಕಲ್ಲು ನೆನೆದ ಮೇಲೆ 28 ಕಿಲೋ ಮೀರಬಾರದು. ನಮ್ಮ ಊರಿನ ಎಲ್ಲ ಕೋರೆಗಳ ಕಲ್ಲೂ ಇದರಲ್ಲಿ ತೇರ್ಗಡೆಯಾಗುವುದಿಲ್ಲ. ಆಗ ಗಟ್ಟಿ ಕಲ್ಲನ್ನು ಹೊರಗೋಡೆಗೂ ಉಳಿದದ್ದನ್ನು ಒಳಗೋಡೆಗೂ ಬಳಸುವ ವಿವೇಕ ಮೇಸ್ತ್ರಿಯವರಿಗೆ ಇದೆಯೇ ಎಂದು ತಿಳಿದುಕೊಂಡರೆ ಸಾಕು.

ಕಟ್ಟುವ ಕ್ರಮದ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಪಂಚಾಂಗದ, ಅಂದರೆ ಅಡಿಪಾಯದ, ಮೇಲೆ ಕಾಂಕ್ರೀಟ್ ಬೆಲ್ಟ್ ಹಾಕಿ ನೆಲದ ತೇವ ಮೇಲೇರದಂತೆ ತಡೆಯುತ್ತಾರೆಯೇ? ಕಲ್ಲನ್ನು ಇಡುವ ಮೊದಲು ನೀರು ಹೊಯ್ದು ತೋಯಿಸುತ್ತಾರೆಯೇ? ಒಣ ಕಲ್ಲು ಗಾರೆಯ ನೀರನ್ನೆಲ್ಲ ಹೀರಿಬಿಟ್ಟರೆ ಸಿಮೆಂಟು ಬರೀ ಬೂದಿಯಾಗುತ್ತದೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಎಂದು ಹೇಳಿದವರು ಅದನ್ನು ಪೆಟ್ಟಿಗೆಯಲ್ಲಿ ಅಳೆಯುತ್ತಾರೆಯೋ, ಹಾರೆಯಲ್ಲಿ ಕಣ್ಣಂದಾಜಿಗೆ ಹಾಕುತ್ತಾರೆಯೋ? ದಿನಕ್ಕೆ ಒಂದು ಮೀಟರಿಗಿಂತ ಎತ್ತರ, ಅಂದರೆ ಕಲ್ಲಿನ ನಾಲ್ಕೈದು ವರಸೆಗಿಂತ (ಸಾಲಿಗಿಂತ) ಹೆಚ್ಚು, ಏರಿಸುವುದಿಲ್ಲ ಎಂದು ಒಪ್ಪುತ್ತಾರೆಯೇ? ಕಡಲ ತೀರದ ಮರಳು ಅಗ್ಗವೆಂದು ಯಾರಾದರೂ ಸೂಚಿಸಿದರೆ ಮಾತು ಅಲ್ಲಿಗೇ ನಿಲ್ಲಿಸಬಹುದು, ಏಕೆಂದರೆ ಅದರ ಉಪ್ಪು ಗೋಡೆಯನ್ನೂ ಕಾಂಕ್ರೀಟಿನ ಕಬ್ಬಿಣವನ್ನೂ ತಿನ್ನುತ್ತದೆ.

ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರು ಇನ್ನೂ ಎಚ್ಚರದಿಂದಿರಬೇಕು. ಅಜ್ಜನ ಕಾಲದ ಗೋಡೆಗಳಲ್ಲಿ ಕಲ್ಲಿನ ನಡುವೆ ಇರುವುದು ಮಣ್ಣು ಅಥವಾ ಸುಣ್ಣದ ಗಾರೆ. ಅಂತಹ ಗೋಡೆ ಮಳೆಗಾಲದಲ್ಲಿ ಸ್ವಲ್ಪ ನೀರು ಕುಡಿದರೂ ಬೇಸಿಗೆಯಲ್ಲಿ ಅದನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟು ಬಳಿದು ಮುಚ್ಚಿದರೆ ಒಳಗೆ ಸಿಕ್ಕಿಬಿದ್ದ ತೇವಕ್ಕೆ ದಾರಿಯಿಲ್ಲದಂತಾಗಿ, ಗಾರೆಯ ಬದಲು ಕಲ್ಲೇ ಸವೆಯತೊಡಗುತ್ತದೆ. ಹಿಮದ ನಾಡುಗಳ ಹಳೆಯ ಇಟ್ಟಿಗೆ ಮನೆಗಳಲ್ಲಿಯೂ ಇದೇ ತಪ್ಪು ಇದೇ ರೀತಿಯ ಹಾನಿ ಮಾಡಿದೆ. ಸಂದಿಯ ಗಾರೆ ಯಾವತ್ತೂ ಕಲ್ಲಿಗಿಂತ ಮೆದುವಾಗಿರಬೇಕೆಂಬುದು ಎರಡೂ ಕಡೆಯ ನಿಯಮ. ಸುಣ್ಣದ ಕೆಲಸ ಗೊತ್ತಿರುವವರು ಈಗ ವಿರಳ. ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕಿ, ಅವರು ದಿನಕ್ಕೆ ಅರ್ಧ ಕೆಲಸ ಮಾಡುತ್ತಾರೆಂದರೂ ಅವರಿಗೇ ಕೊಡುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಕರಾರಿನಲ್ಲಿ ಮುಖ್ಯವಾದದ್ದು ದರದ ಬಗೆ. ಕಲ್ಲಿಗೆ ಇಷ್ಟೆಂದು ಕೊಟ್ಟರೆ ಕೆಲಸ ಓಡುತ್ತದೆ, ದಿನಗೂಲಿ ಕೊಟ್ಟರೆ ತೆವಳುತ್ತದೆ, ಸಾಮಾನು ಸಮೇತ ಚದರಡಿಗೆ ಕೊಟ್ಟರೆ ಸಿಮೆಂಟಿನ ಚೀಲ ಎಲ್ಲಿ ಹೋಯಿತೆಂದು ಲೆಕ್ಕ ಸಿಗುವುದಿಲ್ಲ. ಹೊರಗೋಡೆ ಮತ್ತು ಗಾರೆಗೆ ಸಾಮಾನು ನೀವೇ ತರಿಸಿ ಕೂಲಿ ಮಾತ್ರ ಗೊತ್ತುಮಾಡುವುದು ನನಗೆ ಸರಿಯೆನಿಸಿದೆ. ಕಿಟಕಿ ಬಾಗಿಲುಗಳ ಜಾಗವನ್ನು ಅಳತೆಯಿಂದ ಕಳೆಯುತ್ತಾರೆಯೇ ಎಂಬುದನ್ನೂ ಬರೆಯಿಸಿ. ಮಾತನಾಡಲು ಬಂದವರು ಒಬ್ಬರು, ಕರಣೆ ಹಿಡಿಯುವವರು ಇನ್ನೊಬ್ಬರು ಎಂಬುದು ಈಗ ಸಾಮಾನ್ಯ. ಕೆಲಸಗಾರರು ಬಂಗಾಳದವರಾಗಿರಲಿ, ಊರಿನವರೇ ಆಗಿರಲಿ, ಮೇಸ್ತ್ರಿಯವರು ದಿನಕ್ಕೆ ಎಷ್ಟು ಹೊತ್ತು ಸ್ಥಳದಲ್ಲಿರುತ್ತಾರೆ ಎಂಬುದು ಕಾಗದದಲ್ಲಿರಬೇಕು. ಆ ಕಾಗದ ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ ಕನ್ನಡದಲ್ಲಿಯೂ ಒಂದು ಪ್ರತಿ ಬರೆಯಿಸಿ, ಎರಡಕ್ಕೂ ಸಹಿ ಹಾಕಿಸಿ. ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಭಾಷಾ ಕಾಯ್ದೆ ನಮಗೆ ಕೊಟ್ಟಿದೆ, ಆದರೆ ಮೇಸ್ತ್ರಿಯವರೊಂದಿಗಿನ ಕಾಗದಕ್ಕೆ ಅಂತಹ ರಕ್ಷಣೆಯಿಲ್ಲ. ಪಂಚಾಯತಿನ ಪರವಾನಗಿ ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ.

ಕಾಲದ ಲೆಕ್ಕ ಹೀಗಿರಲಿ: ಅಕ್ಟೋಬರ್-ನವೆಂಬರಿನ ತುಲಾ ಮಳೆ ಕಳೆದು ಪಂಚಾಂಗ, ಮೇ ಕೊನೆಯ ವಾರದ ಪತ್ತನಾಜೆಗೆ ಮೊದಲು ಮಾಡು (ಛಾವಣಿ). ಹೊರಗಿನ ಗಾರೆಯನ್ನು ಫೆಬ್ರವರಿಯೊಳಗೆ ಮುಗಿಸಲು ಹೇಳಿ, ಏಕೆಂದರೆ ಗಾರೆಗೆ ಕನಿಷ್ಠ ಏಳರಿಂದ ಹತ್ತು ದಿನ ನೀರು ಹಾಯಿಸಬೇಕು, ಮಾರ್ಚ್-ಏಪ್ರಿಲಿನ ಮೀನ ತಿಂಗಳಿನಲ್ಲಿ, ನೀರಿಗಾಗಿ ಗುಡ್ಡದೊಳಕ್ಕೆ ಕೊರೆದ ಸುರಂಗದ ನೀರು ನೂಲಿನಷ್ಟಾದಾಗ ಯಾರೂ ಗೋಡೆಗೆ ಹೊಯ್ಯುವುದಿಲ್ಲ. ಟ್ಯಾಂಕರ್ ತರಿಸಬೇಕಾದರೆ ಖರ್ಚು ಯಾರದೆಂದು ಮೊದಲೇ ನಿರ್ಧರಿಸಿ. ಮಾಡು ಆಗದೆ ಮಳೆ ಬಂದರೆ ಗೋಡೆಯ ತಲೆಗೆ ಟಾರ್ಪಾಲು, ಪಡುವಣ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದು ಮೇಸ್ತ್ರಿಯವರ ಹೊಣೆಯೆಂದು ಬರೆಯಿಸಿ.

ಹಣವನ್ನು ಪಂಚಾಂಗ, ಲಿಂಟಲ್, ಸ್ಲ್ಯಾಬ್, ಗಾರೆ ಎಂಬ ಹಂತಗಳಲ್ಲಿ ಕೊಟ್ಟು, ಶೇಕಡಾ ಐದನ್ನಾದರೂ ಮುಂದಿನ ಆಟಿ ಕಳೆಯುವವರೆಗೆ ಉಳಿಸಿಕೊಳ್ಳಬೇಕು. ಇದನ್ನು ಮೊದಲ ದಿನವೇ ಹೇಳಿದರೆ ಯಾರಿಗೂ ಬೇಸರವಿಲ್ಲ, ಕೊನೆಯ ದಿನ ಹೇಳಿದರೆ ಜಗಳ. ಆಟಿಯ ಒಂದು ದಿನ ಮೇಸ್ತ್ರಿಯವರನ್ನು ಕರೆಯಿಸಿ, ಕೊಡೆ ಹಿಡಿದು ಇಬ್ಬರೂ ಮನೆಗೆ ಒಂದು ಸುತ್ತು ಬಂದು, ಒಳಗೆ ಒದ್ದೆ ಕಂಡ ಕಡೆಗಳಲ್ಲಿ ಗುರುತು ಹಾಕಿ. ಒದ್ದೆ ಗೋಡೆಯ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲ, ಒಲೆಯಿಂದ ಒಂದು ತುಂಡು ಇದ್ದಿಲು ತನ್ನಿ. ಗೋಡೆ ಒಣಗಿ ಆ ಜಾಗಗಳ ದುರಸ್ತಿಯಾದ ಮೇಲೆ ಉಳಿದ ಹಣವನ್ನು ತಡಮಾಡದೆ ಕೊಟ್ಟುಬಿಡಿ.